ಮರಳಲು ಊರಿಲ್ಲದ ಸೈನಿಕ: ಯುದ್ಧಾನಂತರದ ಜರ್ಮನಿಯನ್ನು ಕುರಿತು ಕಾದಂಬರಿ ಬರೆಯುತ್ತಿರುವವರಿಗೆ

ಪ್ರಶ್ನೆ: ಎರಡನೆಯ ಮಹಾಯುದ್ಧದ ನಂತರದ ಜರ್ಮನಿಯನ್ನು ಕುರಿತು ಕನ್ನಡದಲ್ಲಿ ಒಂದು ಐತಿಹಾಸಿಕ ಕಾದಂಬರಿ ಬರೆಯುತ್ತಿದ್ದೇನೆ. ನನ್ನ ನಾಯಕ 1921ರಲ್ಲಿ ಬ್ರೆಸ್ಲಾವ್ ನಗರದ ಬಳಿಯ ಹಳ್ಳಿಯಲ್ಲಿ ಹುಟ್ಟಿದ ಬಡಗಿ. 1941ರಿಂದ ರಷ್ಯಾದ ರಣರಂಗದಲ್ಲಿದ್ದವನು, 1943ರಲ್ಲಿ ರಜೆಯ ಮೇಲೆ ಬಂದಾಗ ಮದುವೆಯಾಗುತ್ತಾನೆ. 1945ರ ಮೇ ತಿಂಗಳಲ್ಲಿ ಯುದ್ಧ ಮುಗಿದಾಗ ಹೆಂಡತಿ ಮತ್ತು ಒಂದು ವರ್ಷದ ಮಗಳು ಕಾಯುತ್ತಿರುವ ಹಳ್ಳಿಯ ಮನೆಗೆ ನಡೆದು ಬರುತ್ತಾನೆ. ನಾಜಿಗಳನ್ನು ವಿಚಾರಿಸುವ ಮಂಡಳಿಯ ಮುಂದೆ ನಿಂತು ನಿರ್ದೋಷಿಯೆನಿಸಿಕೊಳ್ಳುತ್ತಾನೆ. ಕತೆ 1955ಕ್ಕೆ ಮುಗಿಯುತ್ತದೆ. ಓದುಗರ ಮನಸ್ಸು ಅವನ ಕಡೆಗೆ ಒಲಿಯಲೆಂದು, ಮೊದಲಿನಿಂದಲೂ ಹಿಟ್ಲರನನ್ನು ದ್ವೇಷಿಸುತ್ತಿದ್ದವನೆಂದು ಅವನನ್ನು ಚಿತ್ರಿಸಿದ್ದೇನೆ. ಒಬ್ಬ ಭಾರತೀಯ ಪಾತ್ರವನ್ನು ತರುವ ಯೋಚನೆಯೂ ಇದೆ. ಇದರಲ್ಲಿ ಚರಿತ್ರೆಗೆ ಒಪ್ಪದಿರುವುದು ಯಾವುದು?

ಉತ್ತರ: ನಿಮ್ಮ ಪ್ರಶ್ನೆಯ ಒಂದು ಮಾತಿನಿಂದಲೇ ಆರಂಭಿಸುತ್ತೇನೆ: "ಹಳ್ಳಿಯ ಮನೆಗೆ ನಡೆದು ಬರುತ್ತಾನೆ." ಈ ನಾಲ್ಕು ಪದಗಳಲ್ಲಿ ಮೂರು ತೊಡಕುಗಳಿವೆ. ಅವನು ಆ ತಿಂಗಳಲ್ಲಿ ಬರಲಾರ, ಆ ಹಳ್ಳಿಗೆ ಮರಳಿ ನೆಲೆಸಲಾರ, ಮತ್ತು ಅವನ ಹೆಂಡತಿ ಮಗಳು ಅಲ್ಲಿ ಉಳಿದಿರಲಾರರು. ಇವು ಮೂರನ್ನೂ ಸರಿಪಡಿಸಿಕೊಂಡರೆ ನಿಮ್ಮ ಕತೆ ಕುಗ್ಗುವುದಿಲ್ಲ, ಈಗಿರುವುದಕ್ಕಿಂತ ಬಹಳ ದೊಡ್ಡದಾಗುತ್ತದೆ ಎಂಬ ನಂಬಿಕೆಯಿಂದಲೇ ಇಷ್ಟು ದೀರ್ಘವಾಗಿ ಬರೆಯುತ್ತಿದ್ದೇನೆ.

1945ರ ವಸಂತದಲ್ಲಿ ಜರ್ಮನ್ ಸೈನಿಕನೊಬ್ಬನ ಮುಂದಿನ ಹತ್ತು ವರ್ಷಗಳನ್ನು ನಿರ್ಧರಿಸಿದ್ದು ಅವನ ಶೌರ್ಯವೂ ಅಲ್ಲ, ಅವನ ರಾಜಕೀಯವೂ ಅಲ್ಲ. ಅವನು ಯಾವ ಸೈನ್ಯದ ಕೈಗೆ ಸಿಕ್ಕ ಎಂಬುದು. ಅಮೆರಿಕನ್ನರಿಗೆ ಸಿಕ್ಕವರಲ್ಲಿ ಲಕ್ಷಾಂತರ ಜನ ರೈನ್ ನದಿಯ ದಂಡೆಯ ಬಯಲುಗಳಲ್ಲಿ, ರೆಮಾಗೆನ್, ಸಿಂತ್ಸಿಗ್, ರೈನ್‌ಬರ್ಗ್ ಮುಂತಾದ ಕಡೆ, ತಲೆಯ ಮೇಲೆ ಸೂರಿಲ್ಲದೆ, ಕೈಯಿಂದ ತೋಡಿದ ಗುಂಡಿಗಳಲ್ಲಿ ಮಳೆಯಲ್ಲಿ ನೆನೆಯುತ್ತ ವಾರಗಟ್ಟಲೆ ಕಳೆದರು. ಆದರೆ ಅವರಲ್ಲಿ ಹೆಚ್ಚಿನವರು ಆ ವರ್ಷ ಮುಗಿಯುವುದರೊಳಗೆ ಬಿಡುಗಡೆಯಾದರು ಅಥವಾ ಬೇರೆ ದೇಶದ ವಶಕ್ಕೆ ಹೋದರು. ಫ್ರಾನ್ಸಿಗೆ ಹೋದವರು ನೆಲಬಾಂಬುಗಳನ್ನು ತೆಗೆದರು, ಕಲ್ಲಿದ್ದಲು ಗಣಿಗಳಲ್ಲಿ ದುಡಿದರು, 1948ರ ಕೊನೆಯವರೆಗೂ ಉಳಿದರು. ಬ್ರಿಟನ್ನಿನಲ್ಲಿದ್ದವರು ಹೊಲಗಳಲ್ಲಿ ಆಲೂಗೆಡ್ಡೆ ಅಗೆದರು. 1946ರ ಡಿಸೆಂಬರಿನಲ್ಲಿ ಸ್ಥಳೀಯರ ಮನೆಗಳಿಗೆ ಹೋಗಲು ಅನುಮತಿ ಸಿಕ್ಕಾಗ ಎಷ್ಟೋ ಜನ ಇಂಗ್ಲಿಷ್ ಕುಟುಂಬಗಳ ಕ್ರಿಸ್‌ಮಸ್ ಊಟಕ್ಕೆ ಕುಳಿತರು, ಸುಮಾರು 24,000 ಜನ ಅಲ್ಲಿಯೇ ನೆಲೆಸಿದರು. ಮ್ಯಾಂಚೆಸ್ಟರ್ ಸಿಟಿಯ ಗೋಲ್‌ಕೀಪರ್ ಆಗಿ ಹೆಸರಾದ ಬರ್ಟ್ ಟ್ರೌಟ್‌ಮನ್ ಅಂಥವರಲ್ಲೊಬ್ಬ. ಇವೆಲ್ಲವೂ ಒಂದೊಂದು ಕಾದಂಬರಿಗೆ ಸಾಕಾಗುವ ವಸ್ತುಗಳೇ. ಆದರೆ ನಿಮ್ಮ ಬಡಗಿ ಪೂರ್ವದ ರಣರಂಗದವನು; ಅವನ ದಾರಿ ಬೇರೆ.

ಬ್ರೆಸ್ಲಾವ್ ಇರುವ ಸಿಲೇಸಿಯ ಪ್ರಾಂತದವನಾದ ಅವನನ್ನು ಕೊನೆಯ ತಿಂಗಳುಗಳಲ್ಲಿ ಸಿಲೇಸಿಯದಲ್ಲಿಯೇ ಹೋರಾಡುತ್ತಿದ್ದ ಸೈನ್ಯಸಮೂಹ 'ಮಧ್ಯ'ದಲ್ಲಿ ಇರಿಸಿ ಎಂಬುದು ನನ್ನ ಸಲಹೆ. ಆ ಸೈನ್ಯ ಇಂದಿನ ಚೆಕ್ ದೇಶದ ಬೊಹೀಮಿಯಕ್ಕೆ ಹಿಮ್ಮೆಟ್ಟಿ, ಶರಣಾಗತಿಯ ಸುದ್ದಿ ಬಂದೊಡನೆ ಅಮೆರಿಕನ್ನರ ಕೈಗೆ ಸಿಗುವ ಆಸೆಯಿಂದ ಪಶ್ಚಿಮಕ್ಕೆ ಓಡಿತು. ಅದರ ದಂಡನಾಯಕ ಫೀಲ್ಡ್ ಮಾರ್ಷಲ್ ಶೋರ್ನರ್ ತನ್ನ ಸೈನಿಕರನ್ನು ಬಿಟ್ಟು ವಿಮಾನ ಹತ್ತಿ ಆಸ್ಟ್ರಿಯಕ್ಕೆ ಹೊರಟುಹೋದ. ಹಿಂಜರಿದ ಸೈನಿಕರನ್ನು ಗಲ್ಲಿಗೇರಿಸುತ್ತಿದ್ದ ಮನುಷ್ಯ ಅವನು ಎಂಬುದನ್ನು ನಿಮ್ಮ ನಾಯಕ ಮರೆಯಲಾರ. ಅಮೆರಿಕನ್ ರೇಖೆಯನ್ನು ಮುಟ್ಟಿದವರಲ್ಲಿಯೂ ಬಹಳ ಮಂದಿಯನ್ನು, ಒಪ್ಪಂದದ ಪ್ರಕಾರ, ಸೋವಿಯತ್ ಸೈನ್ಯಕ್ಕೆ ಒಪ್ಪಿಸಲಾಯಿತು. ಎರಡು ದಿನ ಅಮೆರಿಕನ್ ಸಿಗರೇಟು ಸೇದಿ, ಬದುಕಿದೆ ಎಂದುಕೊಂಡು, ಮೂರನೆಯ ದಿನ ಪೂರ್ವದ ಕಡೆಗೆ ತಿರುಗಿ ನಡೆಯುವ ಸಾಲಿನಲ್ಲಿ ನಿಂತವನು ನಿಮ್ಮ ನಾಯಕ. ಕಾದಂಬರಿಯ ಮೊದಲ ಅಧ್ಯಾಯಕ್ಕೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ತೋಚುವುದಿಲ್ಲ.

ಮುಂದಿನದು ಮೂರು ವರ್ಷಗಳ ಸೆರೆ. ಸೋವಿಯತ್ ಒಕ್ಕೂಟದ ವಶದಲ್ಲಿದ್ದ ಜರ್ಮನ್ ಸೆರೆಯಾಳುಗಳ ಲೆಕ್ಕದಲ್ಲಿಯೇ ಭಿನ್ನಾಭಿಪ್ರಾಯವಿದೆ. ಸೋವಿಯತ್ ದಾಖಲೆಗಳು ಸುಮಾರು 24 ಲಕ್ಷ ಸೆರೆಯಾಳುಗಳನ್ನೂ ಸುಮಾರು 3.6 ಲಕ್ಷ ಸಾವುಗಳನ್ನೂ ಹೇಳುತ್ತವೆ. ಪಶ್ಚಿಮ ಜರ್ಮನಿಯ ಸಂಶೋಧನಾ ಮಂಡಳಿ 30 ಲಕ್ಷ ಸೆರೆಯಾಳುಗಳು, 10 ಲಕ್ಷಕ್ಕೂ ಹೆಚ್ಚು ಸಾವು ಎಂದು ಅಂದಾಜಿಸಿತು. ಈ ಅಂತರದ ಹಿಂದೆ ಶಿಬಿರದ ದಾಖಲೆಗೆ ಹೆಸರು ಸೇರುವ ಮೊದಲೇ, ದಾರಿಯಲ್ಲಿಯೂ ರೈಲಿನ ಡಬ್ಬಿಗಳಲ್ಲಿಯೂ ಸತ್ತವರಿದ್ದಾರೆ. ಕಾದಂಬರಿಕಾರರು ಯಾವ ಸಂಖ್ಯೆಯನ್ನೂ ಪಾತ್ರದ ಬಾಯಲ್ಲಿ ಹೇಳಿಸಬೇಕಾಗಿಲ್ಲ. ಅವನಿಗೆ ತನ್ನ ಮಲಗುಹಲಗೆಯ ಎಡಬಲದವರು ಮಾತ್ರ ಗೊತ್ತು.

ಶಿಬಿರದ ದಿನಚರಿಯಲ್ಲಿ ಬ್ರೆಡ್ಡೇ ಕೇಂದ್ರ. ದಿನಕ್ಕೆ ಸುಮಾರು 600 ಗ್ರಾಂ ಒದ್ದೆಯಾದ ಕಪ್ಪು ಬ್ರೆಡ್ಡು, ಎಲೆಕೋಸಿನ ತಿಳಿ ಸಾರು, ಒಂದಿಷ್ಟು ಗಂಜಿ. ಕೆಲಸದ ಗುರಿ ಮುಟ್ಟಿದವನಿಗೆ ಸ್ವಲ್ಪ ಹೆಚ್ಚು. ಬ್ರೆಡ್ಡಿನ ತುದಿಯ ಗಟ್ಟಿ ತುಂಡು ಯಾರಿಗೆ ಸಿಗಬೇಕೆಂಬುದಕ್ಕೆ ಸರದಿ, ತೂಗುವುದಕ್ಕೆ ಕಡ್ಡಿಯಿಂದ ಮಾಡಿದ ತಕ್ಕಡಿ. ಕಾಲು ಮುಖ ಊದಿಕೊಂಡು, ಚರ್ಮವನ್ನು ಒತ್ತಿದರೆ ಬೆರಳಿನ ಗುರುತು ಹಾಗೆಯೇ ಉಳಿಯುವ ಸ್ಥಿತಿಗೆ ಸೋವಿಯತ್ ವೈದ್ಯರು 'ಡಿಸ್ಟ್ರೋಫಿ' ಎನ್ನುತ್ತಿದ್ದರು. ವೈದ್ಯೆ ಸಾಲಿನಲ್ಲಿ ಬಂದು ಪೃಷ್ಠದ ಚರ್ಮವನ್ನು ಹಿಡಿದೆಳೆದು ನೋಡಿ, ಯಾರು ಗಣಿಗೆ, ಯಾರು ಹಗುರ ಕೆಲಸಕ್ಕೆ, ಯಾರು ಆಸ್ಪತ್ರೆಗೆ ಎಂದು ಹೇಳುತ್ತಿದ್ದಳು. ನಿಮ್ಮ ನಾಯಕ ಬಡಗಿಯಾಗಿರುವುದು ಅವನ ಪ್ರಾಣವನ್ನು ಉಳಿಸಿತು ಎಂದು ಬರೆದರೆ ಉತ್ಪ್ರೇಕ್ಷೆಯಾಗದು. ಮಿನ್ಸ್ಕ್, ಸ್ಟಾಲಿನ್‌ಗ್ರಾಡ್, ಡೊನ್‌ಬಾಸ್ ಪ್ರದೇಶದ ಊರುಗಳು, ಎಲ್ಲವನ್ನೂ ಮರಳಿ ಕಟ್ಟಬೇಕಾಗಿತ್ತು. ಉಳಿ, ಕೀಸುಳಿ ಹಿಡಿಯಬಲ್ಲವನಿಗೆ ಚಾವಣಿಯ ಕೆಳಗೆ ಕೆಲಸ ಸಿಗುವ ಸಾಧ್ಯತೆ ಹೆಚ್ಚು. "ಸ್ಕೋರೊ ದಮೋಯ್" ಎಂದರೆ "ಇನ್ನೇನು ಮನೆಗೆ" ಎಂದು ಕಾವಲುಗಾರರು ಹೇಳುತ್ತಲೇ ಇದ್ದರು. ಸೆರೆಯಾಳುಗಳು ತಮ್ಮನ್ನು ತಾವೇ ರಷ್ಯನ್ ಪದದಿಂದ 'ಪ್ಲೆನ್ನಿ' ಎಂದು ಕರೆದುಕೊಳ್ಳುತ್ತಿದ್ದರು. ಈ ಎರಡು ನುಡಿಗಳನ್ನು ಅನುವಾದಿಸದೆ ಹಾಗೆಯೇ ಬಳಸಿಕೊಳ್ಳಿ.

ಇಲ್ಲಿ ಒಂದು ಸಂಗತಿಯನ್ನು ದಯವಿಟ್ಟು ಬಿಡಬೇಡಿ. 1946-47ರಲ್ಲಿ ಸೋವಿಯತ್ ಒಕ್ಕೂಟದಲ್ಲಿಯೇ, ಉಕ್ರೇನ್, ಮೊಲ್ದಾವಿಯ ಮತ್ತು ರಷ್ಯಾದ ಹಲವು ಭಾಗಗಳಲ್ಲಿ, ಕ್ಷಾಮವಿತ್ತು. ಬೇಲಿಯ ಹೊರಗಿದ್ದ ಹಳ್ಳಿಯವರೂ ಹಸಿದಿದ್ದರು, ಅವರ ಮನೆಗಳನ್ನು ಸುಟ್ಟದ್ದು ಈ ಸೆರೆಯಾಳುಗಳ ಸೈನ್ಯವೇ ಆಗಿತ್ತು. ಅಂಥ ಹೆಂಗಸರು ಸೆರೆಯಾಳುಗಳ ಕೈಗೆ ಆಲೂಗೆಡ್ಡೆಯನ್ನೋ ಬ್ರೆಡ್ಡಿನ ಚೂರನ್ನೋ ತುರುಕಿದ್ದನ್ನು ಮರಳಿ ಬಂದ ಎಷ್ಟೋ ಜನ ಜೀವನಪೂರ್ತಿ ನೆನೆದಿದ್ದಾರೆ.

ಮನೆಯೊಂದಿಗೆ ಸಂಪರ್ಕವೆಂದರೆ ರೆಡ್ ಕ್ರಾಸ್ ಗುರುತಿನ ಕಾರ್ಡು, ಅದರಲ್ಲಿ ಇಪ್ಪತ್ತೈದು ಪದಗಳ ಮಿತಿ. ಶಿಬಿರ ಎಲ್ಲಿದೆಯೆಂದು ಬರೆಯುವಂತಿಲ್ಲ, ಒಂದು ಸಂಖ್ಯೆ ಮಾತ್ರ. ಆದರೆ ಅವನು ಯಾವ ವಿಳಾಸಕ್ಕೆ ಬರೆಯಬೇಕು?

ನಿಮ್ಮ ಎರಡನೆಯ ತೊಡಕು ಇದೇ. 1945ರ ಜನವರಿಯಲ್ಲಿ, ಕೊರೆಯುವ ಚಳಿಯಲ್ಲಿ, ಬ್ರೆಸ್ಲಾವ್ ನಗರದ ಹೆಂಗಸರಿಗೂ ಮಕ್ಕಳಿಗೂ ಊರು ಬಿಟ್ಟು ನಡೆಯಿರಿ ಎಂಬ ಆಜ್ಞೆಯಾಯಿತು. ರಸ್ತೆಯ ಬದಿಯಲ್ಲಿ ಹಸುಳೆಗಳು ಹೆಪ್ಪುಗಟ್ಟಿ ಸತ್ತವು. ಕೋಟೆಯೆಂದು ಘೋಷಿಸಲ್ಪಟ್ಟ ನಗರ ಮೇ 6ರವರೆಗೆ ಮುತ್ತಿಗೆಯಲ್ಲಿತ್ತು. ಯುದ್ಧದ ನಂತರ ಓಡರ್ ಮತ್ತು ನೈಸೆ ನದಿಗಳ ಪೂರ್ವದ ನೆಲ ಪೋಲೆಂಡಿನ ಆಡಳಿತಕ್ಕೆ ಹೋಯಿತು, ಬ್ರೆಸ್ಲಾವ್ ವ್ರೊತ್ಸ್ವಾಫ್ ಆಯಿತು, ತಮ್ಮ ಊರುಗಳನ್ನು ಸೋವಿಯತ್ ಒಕ್ಕೂಟಕ್ಕೆ ಕಳೆದುಕೊಂಡಿದ್ದ ಪೋಲಿಷ್ ಕುಟುಂಬಗಳೂ ಅಲ್ಲಿಗೆ ಬಂದು ನೆಲೆಸಿದವು. ಉಳಿದಿದ್ದ ಜರ್ಮನ್ನರಲ್ಲಿ ಬಹುಪಾಲು ಜನರನ್ನು 1946ರಿಂದ ರೈಲುಗಳಲ್ಲಿ ತುಂಬಿ ಗೆದ್ದ ನಾಲ್ಕು ರಾಷ್ಟ್ರಗಳು ಹಂಚಿಕೊಂಡು ಆಳುತ್ತಿದ್ದ ಜರ್ಮನಿಯ ಬ್ರಿಟಿಷ್ ಮತ್ತು ಸೋವಿಯತ್ ವಲಯಗಳಿಗೆ ಕಳುಹಿಸಲಾಯಿತು. ಪೂರ್ವ ಯುರೋಪಿನಿಂದ ಹೀಗೆ ನೆಲೆ ತಪ್ಪಿ ಬಂದ ಜರ್ಮನ್ನರು ಸುಮಾರು 1.2 ಕೋಟಿ. ಹಾಗಾಗಿ ನಿಮ್ಮ ನಾಯಕನ ಹೆಂಡತಿ ಮತ್ತು ಮಗಳು ಲೋವರ್ ಸ್ಯಾಕ್ಸನಿಯ ಯಾವುದೋ ರೈತನ ಮನೆಯ ಮೇಲಟ್ಟದ ಕೋಣೆಯಲ್ಲಿ, ಸರಕಾರಿ ಆಜ್ಞೆಯ ಬಲದಿಂದ ಮಾತ್ರ ಸಿಕ್ಕ ಜಾಗದಲ್ಲಿ, ಒಲೆಯನ್ನು ಇನ್ನೊಂದು ಸಂಸಾರದೊಡನೆ ಹಂಚಿಕೊಂಡು ಇದ್ದಾರೆ. ಆ ಪ್ರಾಂತದ ಜನಸಂಖ್ಯೆಯ ಕಾಲುಭಾಗದಷ್ಟು ಜನ ಇಂಥ ನಿರಾಶ್ರಿತರೇ ಆಗಿದ್ದರು. ಸ್ಥಳೀಯ ರೈತರ ಕಣ್ಣಿನಲ್ಲಿ ಅವರು ಸ್ವಜನರಲ್ಲ, ಹೊರೆ. ಗಂಡಹೆಂಡಿರು ಒಬ್ಬರನ್ನೊಬ್ಬರು ಹುಡುಕಿಕೊಂಡದ್ದು ರೆಡ್ ಕ್ರಾಸಿನ ಶೋಧಸೇವೆಯ ಮೂಲಕ: ಹುಡುಕುವವರದೊಂದು ಕಾರ್ಡು, ಹುಡುಕಲ್ಪಡುವವರದೊಂದು ಕಾರ್ಡು, ಎರಡೂ ಒಂದೇ ಪೆಟ್ಟಿಗೆಯಲ್ಲಿ ಸಂಧಿಸಿದ ದಿನ ಒಂದು ಕುಟುಂಬ ಮರಳಿ ಕೂಡಿತು. ಬೆರಳಚ್ಚು ಯಂತ್ರದ ಮುಂದೆ ಕುಳಿತ ಗುಮಾಸ್ತೆಯೊಬ್ಬಳು ಎರಡು ಕಾರ್ಡುಗಳನ್ನು ಒಟ್ಟಿಗೆ ಹಿಡಿದು ನೋಡುವ ಆ ಕ್ಷಣವನ್ನು ನೀವು ಅರ್ಧ ಪುಟ ಬರೆಯಬಹುದು.

ಅವನು ಮರಳುವುದು ಯಾವಾಗ? ಎಲ್ಲ ಸೆರೆಯಾಳುಗಳನ್ನೂ 1948ರ ಡಿಸೆಂಬರ್ 31ರೊಳಗೆ ಕಳುಹಿಸಬೇಕೆಂದು ನಾಲ್ಕು ರಾಷ್ಟ್ರಗಳ ವಿದೇಶಾಂಗ ಸಚಿವರು 1947ರ ಮಾಸ್ಕೋ ಸಮ್ಮೇಳನದಲ್ಲಿ ಒಪ್ಪಿದ್ದರು. ಸೋವಿಯತ್ ಒಕ್ಕೂಟ ಆ ಗಡುವನ್ನು ಪಾಲಿಸಲಿಲ್ಲ. 1950ರ ಮೇ ತಿಂಗಳಲ್ಲಿ ಬಿಡುಗಡೆ ಮುಗಿಯಿತೆಂದು ಘೋಷಿಸಿ, ಉಳಿದವರು ಶಿಕ್ಷೆಗೊಳಗಾದ ಯುದ್ಧಾಪರಾಧಿಗಳೆಂದಿತು. ನಿಮ್ಮ ನಾಯಕ 1948ರ ಏಪ್ರಿಲ್‌ನಲ್ಲಿ ಬರಲಿ ಎಂದು ನನ್ನ ಆಸೆ, ಕಾರಣವನ್ನು ಮುಂದೆ ಹೇಳುತ್ತೇನೆ. ದಾರಿ ಹೀಗೆ: ಓಡರ್ ನದಿಯ ದಂಡೆಯ ಫ್ರಾಂಕ್‌ಫರ್ಟ್ ನಗರದಲ್ಲಿ ಸೋವಿಯತ್ ಅಧಿಕಾರಿಗಳು ಸೆರೆಯಾಳುಗಳನ್ನು ಒಪ್ಪಿಸುತ್ತಿದ್ದರು, ಅಲ್ಲಿಯ ಗ್ರೊನೆನ್‌ಫೆಲ್ಡೆ ಶಿಬಿರದಲ್ಲಿ ಜರ್ಮನ್ನರು ಬರಮಾಡಿಕೊಳ್ಳುತ್ತಿದ್ದರು, ಬ್ರಿಟಿಷ್ ವಲಯಕ್ಕೆ ಹೋಗಬೇಕಾದವರು ಅಲ್ಲಿಂದ ಗೊಟ್ಟಿಂಗೆನ್ ಬಳಿಯ ಫ್ರೀಡ್‌ಲಾಂಡ್ ಶಿಬಿರಕ್ಕೆ ಬರುತ್ತಿದ್ದರು. ಬ್ರಿಟಿಷ್, ಅಮೆರಿಕನ್, ಸೋವಿಯತ್ ವಲಯಗಳು ಕೂಡುವ ಜಾಗದಲ್ಲಿ 1945ರ ಸೆಪ್ಟೆಂಬರಿನಲ್ಲಿ ಬ್ರಿಟಿಷರು ಅದನ್ನು ತೆರೆದಿದ್ದರು. ಅಲ್ಲಿ ಹೇನು ಹೋಗಲು ಪುಡಿ ಎರಚುತ್ತಾರೆ, ಬಿಸಿ ಸಾರು ಕೊಡುತ್ತಾರೆ, ಬಿಡುಗಡೆ ಪತ್ರ ಬರೆಯುತ್ತಾರೆ. ಈ ಪತ್ರದ ಮಹತ್ವವನ್ನು ನಿಮ್ಮ ಓದುಗರಿಗೆ ಮನಗಾಣಿಸಿ: ಇದಿಲ್ಲದೆ ಪಡಿತರ ಚೀಟಿಯಿಲ್ಲ, ಕೆಲಸವಿಲ್ಲ, ಇರಲು ಕೋಣೆಯ ಹಕ್ಕಿಲ್ಲ. ಹೊರಗೆ ಬೇಲಿಯ ಉದ್ದಕ್ಕೂ ಹೆಂಗಸರು ನಿಂತಿರುತ್ತಾರೆ, ಕಾಣೆಯಾದ ಮಗನ ಅಥವಾ ಗಂಡನ ಫೋಟೋ ಅಂಟಿಸಿದ ರಟ್ಟು, ಅದರ ಮೇಲೆ ಹೆಸರು, ತುಕಡಿಯ ಸಂಖ್ಯೆ, "ಇವನನ್ನು ಬಲ್ಲಿರಾ?" ಎಂಬ ಪ್ರಶ್ನೆ. ಹತ್ತಿ ತುಂಬಿದ ರಷ್ಯನ್ ಮೇಲಂಗಿ ತೊಟ್ಟು, ಬೋಳಿಸಿದ ತಲೆಯವನು ಅವರ ನಡುವೆ ಹಾದುಹೋಗಬೇಕು.

ಏಪ್ರಿಲ್ ಏಕೆಂದರೆ, ಹೊಸ ನಾಣ್ಯ ಬರುವುದಕ್ಕೆ ಮುಂಚಿನ ಮತ್ತು ನಂತರದ ಎರಡು ಜರ್ಮನಿಗಳನ್ನು ಅವನು ಕಣ್ಣಾರೆ ನೋಡಲಿ ಎಂದು. ಅವನು ಬಂದಾಗ ಅಂಗಡಿಯ ಕಿಟಕಿಗಳು ಖಾಲಿ, ನಿಜವಾದ ನಾಣ್ಯವೆಂದರೆ ಅಮೆರಿಕನ್ ಸಿಗರೇಟು, ಕಾಫಿಯೆಂದರೆ ಹುರಿದ ಬಾರ್ಲಿಯ ಕಷಾಯ. ಜೂನ್ 20ರ ಭಾನುವಾರ ಹೊಸ ನಾಣ್ಯ ಬಂತು, ತಲೆಗೆ 40 ಡಾಯ್ಚ್ ಮಾರ್ಕ್ ಹಂಚಿದರು. ಮರುದಿನ ಅದೇ ಕಿಟಕಿಗಳಲ್ಲಿ ಪಾತ್ರೆ, ಬೂಟು, ಬೆಣ್ಣೆ ಎಲ್ಲವೂ ಕಾಣಿಸಿಕೊಂಡವು. ವ್ಯಾಪಾರಿಗಳು ಅಷ್ಟು ದಿನ ಅವನ್ನು ಬಚ್ಚಿಟ್ಟಿದ್ದರು ಎಂಬುದು ಹಸಿದು ಬದುಕಿದ ಹೆಂಗಸರಿಗೆ ಆ ಬೆಳಿಗ್ಗೆ ತಿಳಿಯಿತು.

ಆದರೆ ಈ ಕಾದಂಬರಿಯ ಹೃದಯವಿರುವುದು ಮಾರುಕಟ್ಟೆಯಲ್ಲಲ್ಲ, ಆ ಮೇಲಟ್ಟದ ಕೋಣೆಯಲ್ಲಿ. ಅವನು ಹಸಿದಿದ್ದ, ಅವಳೂ ಹಸಿದಿದ್ದಳು. ಎರಡು ಹಸಿವುಗಳಿಗೆ ಪರಸ್ಪರ ಪರಿಚಯವಿಲ್ಲ. 1946-47ರ ಚಳಿಗಾಲದಲ್ಲಿ ನಗರಗಳಲ್ಲಿ ಪಡಿತರ ದಿನಕ್ಕೆ ಸುಮಾರು 1,000 ಕ್ಯಾಲರಿಯ ಮಟ್ಟಕ್ಕೂ ಇಳಿದಿತ್ತು. ಬದುಕಲು ಬೇಕಾದುದನ್ನು ಬೇರೆ ದಾರಿಯಿಲ್ಲದವರು ತೆಗೆದುಕೊಳ್ಳುವುದನ್ನು ಕೊಲೋನಿನ ಕಾರ್ಡಿನಲ್ ಫ್ರಿಂಗ್ಸ್ 1946ರ ವರ್ಷಾಂತ್ಯದ ಪ್ರವಚನದಲ್ಲಿ ಸಮರ್ಥಿಸಿದ ಮೇಲೆ, ರೈಲಿನಿಂದ ಕಲ್ಲಿದ್ದಲು ಕದಿಯುವುದಕ್ಕೆ ಜನ ಅವರ ಹೆಸರಿನಿಂದಲೇ 'ಫ್ರಿಂಗ್ಸೆನ್' ಎಂಬ ಕ್ರಿಯಾಪದವನ್ನು ಕಟ್ಟಿದರು. ಹಳ್ಳಿಯಲ್ಲಿದ್ದ ನಿಮ್ಮ ನಾಯಕಿ ಕೊಯ್ಲು ಮುಗಿದ ಹೊಲಗಳಲ್ಲಿ ಹಕ್ಕಲಾಯುತ್ತಾಳೆ, ಆಲೂಗೆಡ್ಡೆಗಾಗಿ ಮಣ್ಣು ಕೆದಕುತ್ತಾಳೆ, ಮದುವೆಯ ಉಂಗುರವನ್ನು ಹಂದಿಯ ಕೊಬ್ಬಿಗೆ ಮಾರುತ್ತಾಳೆ, ಅಧಿಕಾರಿಗಳೊಡನೆ ಜಗಳವಾಡಿ ಗೆಲ್ಲುವುದನ್ನು ಕಲಿಯುತ್ತಾಳೆ. 1945ರಲ್ಲಿ ಸಿಲೇಸಿಯಕ್ಕೆ ಬಂದ ಸೋವಿಯತ್ ಸೈನಿಕರಿಂದ ಅತ್ಯಾಚಾರಕ್ಕೊಳಗಾದ ಹೆಂಗಸರು ಲೆಕ್ಕವಿಲ್ಲದಷ್ಟು. ಅದರ ಬಗ್ಗೆ ಅವಳು ಹೇಳುತ್ತಾಳೋ ಇಲ್ಲವೋ, ಅವನು ಕೇಳುತ್ತಾನೋ ಇಲ್ಲವೋ ಎಂಬುದನ್ನು ನೀವು ನಿರ್ಧರಿಸಿಯೇ ಬರೆಯಬೇಕು, ತಪ್ಪಿಸಿಕೊಂಡು ಬರೆಯುವಂತಿಲ್ಲ. ಅವನು ಮನೆಯ ಯಜಮಾನನ ಜಾಗ ಖಾಲಿ ಇದೆಯೆಂದುಕೊಂಡು ಬರುತ್ತಾನೆ. ಆ ಜಾಗದಲ್ಲಿ ಅವಳು ಕುಳಿತು ಮೂರು ವರ್ಷವಾಗಿದೆ. ಅವನ ಮೈಯಲ್ಲಿ ಬಲವಿಲ್ಲ, ಡಿಸ್ಟ್ರೋಫಿ ದೇಹದ ಬಯಕೆಗಳನ್ನೂ ಆರಿಸಿಬಿಟ್ಟಿದೆ, ಮೆಟ್ಟಿಲ ಸದ್ದಿಗೆ ಎದ್ದು ಕೂರುತ್ತಾನೆ, ದಿಂಬಿನ ಕೆಳಗೆ ಬ್ರೆಡ್ಡು ಬಚ್ಚಿಡುತ್ತಾನೆ. ನಾಲ್ಕು ವರ್ಷದ ಮಗಳಿಗೆ ಅಪ್ಪನೆಂದರೆ ಫೋಟೋದಲ್ಲಿರುವ ಸಮವಸ್ತ್ರದವನು. ಅಮ್ಮನ ಹಾಸಿಗೆಯ ತನ್ನ ಜಾಗವನ್ನು ಕಿತ್ತುಕೊಂಡ ಈ ಬೋಳುತಲೆಯವನು ಯಾವಾಗ ಹೊರಟುಹೋಗುತ್ತಾನೆಂದು ಅವಳು ಕೇಳುತ್ತಾಳೆ. ಪಶ್ಚಿಮದ ವಲಯಗಳಲ್ಲಿ ವಿಚ್ಛೇದನಗಳು ತುತ್ತತುದಿಗೆ ಏರಿದ್ದು 1948ರಲ್ಲಿಯೇ ಎಂಬುದು ಕಾಕತಾಳೀಯವಲ್ಲ.

ಇದಕ್ಕೆ ಹೊಂದಿಕೊಂಡ ಇನ್ನೊಂದು ಕವಲನ್ನೂ ನಿಮ್ಮ ಗಮನಕ್ಕೆ ತರುತ್ತೇನೆ. ಕಾಣೆಯಾದ ಗಂಡನನ್ನು ಸತ್ತನೆಂದು ಘೋಷಿಸುವಂತೆ ಹೆಂಡತಿ ನ್ಯಾಯಾಲಯವನ್ನು ಕೇಳಬಹುದಾಗಿತ್ತು. ಹಾಗೆ ಘೋಷಣೆಯಾಗಿ ಅವಳು ಮರುಮದುವೆಯಾದರೆ, ಮೊದಲ ಗಂಡ ಮುಂದೊಂದು ದಿನ ಜೀವಂತ ಬಂದರೂ ಹಳೆಯ ಮದುವೆ ಮುಗಿದಂತೆಯೇ ಎಂಬುದು 1946ರ ವಿವಾಹ ಕಾನೂನಿನ ನಿಲುವು. ಮರುಮದುವೆಯಾದರೆ ವಿಧವಾವೇತನ ನಿಲ್ಲುತ್ತದೆಂದು ಮದುವೆಯಿಲ್ಲದೆ ಕೂಡಿ ಬಾಳಿದವರೂ ಬಹಳ. ಮನೆಯ ಮಕ್ಕಳು ಅಂಥವನನ್ನು 'ಮಾಮ' ಎನ್ನುತ್ತಿದ್ದುದರಿಂದ ಅದಕ್ಕೆ 'ಮಾಮನ ಮದುವೆ' ಎಂಬ ಹೆಸರೇ ಬಿತ್ತು. ನಿಮ್ಮ ನಾಯಕಿಗೆ ಕಾರ್ಡು ತಲುಪಿರುವುದರಿಂದ ಇದು ಅವಳ ಕತೆಯಲ್ಲ, ಆದರೆ ಒಲೆ ಹಂಚಿಕೊಂಡ ಪಕ್ಕದ ಕೋಣೆಯವಳ ಕತೆಯಾಗಬಹುದು.

ವಿಚಾರಣಾ ಮಂಡಳಿಯ ದೃಶ್ಯವನ್ನು ತೆಗೆದುಹಾಕಿ. ಅಮೆರಿಕನ್ ವಲಯದಲ್ಲಿ 131 ಪ್ರಶ್ನೆಗಳ ಪತ್ರ, ಸಾರ್ವಜನಿಕ ಮಂಡಳಿ, ತಪ್ಪಿನ ಮಟ್ಟಕ್ಕೆ ತಕ್ಕ ಐದು ವರ್ಗಗಳು ಇದ್ದದ್ದು ನಿಜ. ಪಾದ್ರಿಯಿಂದಲೋ ನೆರೆಯವರಿಂದಲೋ ತರುವ ಸಚ್ಚಾರಿತ್ರ್ಯದ ಪತ್ರವನ್ನು ಬಟ್ಟೆ ಸೋಪಿನ ಪುಡಿಯ ಹೆಸರಿನಿಂದ 'ಪೆರ್ಸಿಲ್ ಪತ್ರ' ಎಂದು ಜನ ಕರೆದದ್ದೂ ನಿಜ. ಆದರೆ ಅಲ್ಲಿ ಕೂಡ 1919ರ ನಂತರ ಹುಟ್ಟಿದವರಿಗೆ, ಗಂಭೀರ ಆರೋಪವಿಲ್ಲದಿದ್ದರೆ, 1946ರ ಆಗಸ್ಟಿನಲ್ಲಿಯೇ ಕ್ಷಮಾದಾನವಾಗಿತ್ತು. ಬ್ರಿಟಿಷ್ ವಲಯದಲ್ಲಿ ಮುಖ್ಯವಾಗಿ ವಿಚಾರಿಸುತ್ತಿದ್ದುದು ಹುದ್ದೆ, ಅಧಿಕಾರ ಇದ್ದವರನ್ನು. 1921ರಲ್ಲಿ ಹುಟ್ಟಿದ ಬಡಗಿಯೊಬ್ಬ 1948ರಲ್ಲಿ ಬಂದಾಗ ಯಾರೂ ಅವನನ್ನು ಏನನ್ನೂ ಕೇಳುವುದಿಲ್ಲ. ನಿಮ್ಮ ಕತೆಗೆ ಇದು ನಷ್ಟವೆಂದು ಭಾವಿಸಬೇಡಿ. ಯಾರೂ ಏನನ್ನೂ ಕೇಳದಿರುವುದೇ ಆ ತಲೆಮಾರಿನ ದೊಡ್ಡ ಸತ್ಯ.

ಈಗ ನಿಮ್ಮ ಪ್ರಶ್ನೆಯ ಅತ್ಯಂತ ಕಷ್ಟದ ಭಾಗಕ್ಕೆ ಬರುತ್ತೇನೆ, ಮತ್ತು ಇಲ್ಲಿ ನಾನು ನಿಷ್ಠುರವಾಗಿಯೇ ಹೇಳಬೇಕಾಗಿದೆ. ನಿಮ್ಮ ನಾಯಕ ಮೊದಲಿನಿಂದಲೂ ಹಿಟ್ಲರನನ್ನು ದ್ವೇಷಿಸುತ್ತಿದ್ದ ಎಂಬುದು 1945ರ ನಂತರ ಲಕ್ಷಾಂತರ ಜನ ತಮ್ಮ ಬಗ್ಗೆ ತಾವೇ ಹೇಳಿಕೊಂಡ ಕತೆ. ಹಿಟ್ಲರ್ ಅಧಿಕಾರಕ್ಕೆ ಬಂದಾಗ ಅವನಿಗೆ ಹನ್ನೆರಡು ವರ್ಷ. ಶಾಲೆ, ಹಿಟ್ಲರ್ ಯುವದಳ, ದುಡಿಮೆಯ ದಳ, ಸೈನ್ಯ, ಇವುಗಳಾಚೆ ಅವನಿಗೆ ಲೋಕವಿಲ್ಲ. ಅವನ ಅಪ್ಪ ಹಳೆಯ ಸೋಷಿಯಲ್ ಡೆಮಾಕ್ರಟ್ ಆಗಿದ್ದು ಮನೆಯಲ್ಲಿ ಗುಟ್ಟಾಗಿ ಗೊಣಗುತ್ತಿದ್ದರೆ ಒಂದಿಷ್ಟು ಸಂಶಯಕ್ಕೆ ಆಸ್ಪದವಿದೆ, ಬ್ರೆಸ್ಲಾವ್ ಸುತ್ತಿನಲ್ಲಿ ಅಂಥವರಿದ್ದರು. ಆದರೆ ದ್ವೇಷವೆಂಬ ದೊಡ್ಡ ಮಾತು ಬೇಡ. ಅಮೆರಿಕನ್ ಆಡಳಿತ ಯುದ್ಧದ ನಂತರ ನಡೆಸಿದ ಸಮೀಕ್ಷೆಗಳಲ್ಲಿ, ರಾಷ್ಟ್ರೀಯ ಸಮಾಜವಾದ ಒಳ್ಳೆಯ ವಿಚಾರ, ಅದನ್ನು ನಡೆಸಿದ ರೀತಿ ಕೆಟ್ಟದ್ದು ಎಂದವರು ಅರ್ಧದಷ್ಟು ಜನ.

ಅವನು 1941ರಲ್ಲಿ ಎಲ್ಲಿದ್ದ ಎಂಬುದನ್ನು ನೀವು ಬರೆದಿಲ್ಲ. ಅವನ ನೋವನ್ನು ಬರೆಯುವ ಮೊದಲು ಇದನ್ನು ನಿರ್ಧರಿಸಿ. ಆ ವರ್ಷದ ಅಕ್ಟೋಬರಿನಲ್ಲಿ ವ್ಯಾಜ್ಮಾ ಮತ್ತು ಬ್ರಿಯಾನ್ಸ್ಕ್ ಬಳಿ ಜರ್ಮನ್ ಸೈನ್ಯ 6 ಲಕ್ಷಕ್ಕೂ ಹೆಚ್ಚು ಸೋವಿಯತ್ ಸೈನಿಕರನ್ನು ಸೆರೆಹಿಡಿಯಿತು. ಅವರನ್ನು ನೂರಾರು ಕಿಲೋಮೀಟರು ನಡೆಸಿದರು, ನಡೆಯಲಾಗದವರನ್ನು ದಾರಿಯಲ್ಲಿಯೇ ಗುಂಡಿಕ್ಕಿದರು, ಉಳಿದವರನ್ನು ಬಯಲಿನಲ್ಲಿ ಮುಳ್ಳುತಂತಿಯೊಳಗೆ ಅನ್ನನೀರಿಲ್ಲದೆ ಬಿಟ್ಟರು. 1942ರ ಫೆಬ್ರುವರಿಯ ಹೊತ್ತಿಗೆ ಅಂಥ ಸುಮಾರು 20 ಲಕ್ಷ ಸೆರೆಯಾಳುಗಳು ಸತ್ತಿದ್ದರು. ಯುದ್ಧ ಮುಗಿಯುವ ಹೊತ್ತಿಗೆ 57 ಲಕ್ಷದಲ್ಲಿ ಸುಮಾರು 33 ಲಕ್ಷ. ಇದನ್ನು ಮಾಡಿದ್ದು ನಾಜಿ ಪಕ್ಷದ ಸಶಸ್ತ್ರ ದಳವಾದ ಎಸ್‌ಎಸ್ ಮಾತ್ರವಲ್ಲ, ನಿಮ್ಮ ನಾಯಕ ಸೇರಿದ್ದ ಸಾಮಾನ್ಯ ಸೈನ್ಯ. ಸೋವಿಯತ್ ರಾಜಕೀಯ ಅಧಿಕಾರಿಗಳನ್ನು ಸಿಕ್ಕಲ್ಲಿಯೇ ಕೊಲ್ಲಬೇಕೆಂಬ 1941ರ ಜೂನ್ 6ರ ಆಜ್ಞೆ ಹೊರಟದ್ದೂ ಸೈನ್ಯದ ಮುಖ್ಯ ಕಚೇರಿಯಿಂದ. ಕೀವ್ ನಗರದ ಬಾಬಿ ಯಾರ್ ಕಣಿವೆಯಲ್ಲಿ ಎರಡು ದಿನಗಳಲ್ಲಿ 33,771 ಯಹೂದಿಗಳನ್ನು ಕೊಂದ ಪಡೆಗಳಿಗೆ ಸೈನ್ಯದ ನೆರವಿತ್ತು. ಪ್ರತಿಯೊಬ್ಬ ಸೈನಿಕನೂ ಹೊಂಡದ ಅಂಚಿನಲ್ಲಿ ನಿಂತಿರಲಿಲ್ಲ. ಆದರೆ ಪೂರ್ವದ ರಣರಂಗದಲ್ಲಿ ನಾಲ್ಕು ವರ್ಷ ಇದ್ದು ಏನನ್ನೂ ಕಾಣದವನು, ಏನನ್ನೂ ಕೇಳದವನು ಇರಲು ಸಾಧ್ಯವಿಲ್ಲ.

ನಿಮ್ಮ ನಾಯಕನನ್ನು ಕೊಲೆಗಾರನನ್ನಾಗಿ ಮಾಡಿ ಎಂದು ನಾನು ಹೇಳುತ್ತಿಲ್ಲ. ಒಂದು ಸಣ್ಣ, ನಿಜವಾದ ಕೃತ್ಯವನ್ನು ಅವನಿಗೆ ಕೊಡಿ. 1941ರ ಚಳಿಗಾಲಕ್ಕೆ ಜರ್ಮನ್ ಸೈನ್ಯ ಸಿದ್ಧವಾಗಿರಲಿಲ್ಲ, ಸೈನಿಕರು ರೈತರ ಕಾಲಿನಿಂದ 'ವಾಲೆಂಕಿ' ಎಂಬ ಉಣ್ಣೆಯ ಬೂಟುಗಳನ್ನು ಕಿತ್ತುಕೊಂಡರು, ಗುಡಿಸಲುಗಳಿಂದ ಜನರನ್ನು ಹಿಮಕ್ಕೆ ಅಟ್ಟಿ ತಾವು ಒಳಗೆ ಮಲಗಿದರು. ನಿಮ್ಮ ಬಡಗಿ ಒಬ್ಬ ಮುದುಕಿಯ ಬೂಟುಗಳನ್ನು ಕಿತ್ತುಕೊಂಡು ತನ್ನ ಕಾಲ್ಬೆರಳುಗಳನ್ನು ಉಳಿಸಿಕೊಂಡಿದ್ದಾನೆ. ಐದು ವರ್ಷಗಳ ಮೇಲೆ, ಸೆರೆಯಾಳಾಗಿ ಕಟ್ಟಡ ಕಟ್ಟುತ್ತಿರುವಾಗ, ಇನ್ನೊಬ್ಬ ಮುದುಕಿ ಅವನ ಕೈಗೆ ಬ್ರೆಡ್ಡು ಕೊಡುತ್ತಾಳೆ. ಅವನು ಅವಳ ಮುಖ ನೋಡುವುದಿಲ್ಲ, ಕಾಲು ನೋಡುತ್ತಾನೆ. ಇಷ್ಟನ್ನು ವಿವರಣೆಯಿಲ್ಲದೆ ಬರೆದರೆ, ಓದುಗರ ಮನಸ್ಸನ್ನು ಗೆಲ್ಲಲು ಅವನನ್ನು ನಿರ್ದೋಷಿಯಾಗಿಸುವ ಅಗತ್ಯ ಬೀಳುವುದಿಲ್ಲ. ಶಿಬಿರದ ಹಸಿವನ್ನು ಅವನು ಮನೆಯವರಿಗೆ ಹೇಳಬಲ್ಲ, ಬ್ರೆಡ್ಡು ಕೊಟ್ಟ ಮುದುಕಿಯ ಕತೆಯನ್ನೂ ಹೇಳಬಲ್ಲ. ಬೂಟಿನ ಕತೆಯನ್ನು ಹೇಳಲಾರ. 1950ರ ದಶಕದ ಪಶ್ಚಿಮ ಜರ್ಮನಿ ಮಾತಾಡಿದ್ದೂ ಮೌನವಾಗಿದ್ದದ್ದೂ ಹೆಚ್ಚುಕಡಿಮೆ ಇದೇ ಗೆರೆಯ ಮೇಲೆ.

ಭಾರತೀಯ ಪಾತ್ರದ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಪೂರ್ವದ ರಣರಂಗದ ಸೆರೆಯಾಳಿಗೆ ಭಾರತೀಯನೊಬ್ಬ ಎದುರಾಗುವ ಸಂಭವ ಇಲ್ಲವೆಂದೇ ಹೇಳಬೇಕು. ಇಟಲಿಯಲ್ಲಿ ಭಾರತೀಯ ಸೈನ್ಯದ 4, 8 ಮತ್ತು 10ನೆಯ ಡಿವಿಷನ್‌ಗಳು ಹೋರಾಡಿದವು, ಅಲ್ಲಿ ಸೆರೆಯಾದ ಜರ್ಮನ್ನನಿಗೆ ಅದು ಸಾಧ್ಯ. ಆದರೆ ಆಗ ಇಡೀ ಕತೆಯೇ ಬೇರೆಯಾಗುತ್ತದೆ. ಕನ್ನಡದ ಕೊಂಡಿಯೇ ಬೇಕೆಂದಾದರೆ, ಬಾಸೆಲ್ ಮಿಷನ್ನಿನ ಮೂಲಕ ಮಂಗಳೂರಿಗೆ ಬಂದ ಪಾದ್ರಿಗಳಲ್ಲಿ ಬಹಳ ಮಂದಿ ವ್ಯುರ್ಟೆಂಬರ್ಗ್ ಪ್ರಾಂತದವರು; 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಆರಂಭಿಸಿದ ಹರ್ಮನ್ ಮೋಗ್ಲಿಂಗ್ ಕೂಡ ಅಲ್ಲಿಯವರೇ. ಆ ಸೀಮೆಯ ಯಾವುದಾದರೂ ಭಕ್ತ ಕುಟುಂಬದ ಕಪಾಟಿನಲ್ಲಿ ಕನ್ನಡ ಅಕ್ಷರಗಳ ಒಂದು ಪುಸ್ತಕವಿರುವುದು ಅಸಂಭವವಲ್ಲ. ಸಿಲೇಸಿಯದ ಬಡಗಿಯ ಮನೆಯಲ್ಲಿ ಅದನ್ನು ಇಡಬೇಡಿ. ಕನ್ನಡ ಓದುಗರಿಗೆ ಈ ಮನುಷ್ಯ ಹತ್ತಿರವಾಗಲು ಪಡಿತರ ಚೀಟಿ, ಹಕ್ಕಲು, ಪರರ ಮನೆಯ ಮೇಲಟ್ಟ ಇವೇ ಸಾಕು.

ಇನ್ನು ಕೊನೆಯ ವರ್ಷಗಳು. ಅವನಿಗೆ ವೊಲ್ಫ್ಸ್‌ಬರ್ಗಿನ ಫೋಕ್ಸ್‌ವ್ಯಾಗನ್ ಕಾರ್ಖಾನೆಯಲ್ಲಿ ಕೆಲಸ ಕೊಡಿಸಿ. ಲೋವರ್ ಸ್ಯಾಕ್ಸನಿಯಲ್ಲಿ ನಿರಾಶ್ರಿತರಿಗೂ ಸೆರೆಯಿಂದ ಮರಳಿದವರಿಗೂ ಅನ್ನ ಕೊಟ್ಟ ಜಾಗ ಅದು. ಯುದ್ಧಕಾಲದಲ್ಲಿ ಅದೇ ಕಟ್ಟಡಗಳಲ್ಲಿ ಪೂರ್ವ ಯುರೋಪಿನಿಂದ ಬಲವಂತವಾಗಿ ತಂದ ಆಳುಗಳು ದುಡಿದಿದ್ದರು, ಅವರು ಮಲಗಿದ್ದಂಥ ಮರದ ಬ್ಯಾರಕ್ಕುಗಳಲ್ಲಿಯೇ ಹೊಸ ಕೆಲಸಗಾರರು ಮೊದಲ ವರ್ಷಗಳಲ್ಲಿ ಮಲಗಿದರು. 1955ರ ಆಗಸ್ಟಿನಲ್ಲಿ ಅಲ್ಲಿ ಹತ್ತು ಲಕ್ಷದ ಕಾರು ಹೊರಬಂತು. ಸೆಪ್ಟೆಂಬರಿನಲ್ಲಿ ಪಶ್ಚಿಮ ಜರ್ಮನಿಯ ಚಾನ್ಸಲರ್ ಅಡೆನಾವರ್ ಮಾಸ್ಕೋಗೆ ಹೋಗಿ, ರಾಜತಾಂತ್ರಿಕ ಸಂಬಂಧಕ್ಕೆ ಒಪ್ಪಿ, ಉಳಿದಿದ್ದ ಸುಮಾರು 10,000 ಸೆರೆಯಾಳುಗಳ ಬಿಡುಗಡೆಯ ಮಾತು ಪಡೆದರು. ಅಕ್ಟೋಬರಿನಲ್ಲಿ ಅವರು ಫ್ರೀಡ್‌ಲಾಂಡಿಗೆ ಬಂದಾಗ ಶಿಬಿರದ ಗಂಟೆ ಬಾರಿಸಿತು, ನೆರೆದವರು ದೇವರಿಗೆ ಕೃತಜ್ಞತೆ ಹೇಳುವ ಹಳೆಯ ಕೀರ್ತನೆಯನ್ನು ಹಾಡಿದರು. ಹಾಗೆ ಬಂದವರಲ್ಲಿ ನಿಮ್ಮ ನಾಯಕನಂಥವರಿದ್ದರು. ಆಶ್‌ವಿಟ್ಸ್‌ನಲ್ಲಿ ಹೆಂಗಸರನ್ನು ಬಂಜೆಯರನ್ನಾಗಿಸುವ ಪ್ರಯೋಗ ನಡೆಸಿದ್ದ ವೈದ್ಯ ಕಾರ್ಲ್ ಕ್ಲೌಬರ್ಗ್ ಕೂಡ ಇದ್ದ. ಅವನ ಬಂಧನವಾದದ್ದು ಮರುತಿಂಗಳು.

ನಿಮ್ಮ ಕಾದಂಬರಿ 1955ಕ್ಕೆ ಮುಗಿಯುವುದಾದರೆ ಆ ದಿನವೇ ಮುಗಿಯಲಿ. ಶಿಬಿರದಲ್ಲಿ ಪಕ್ಕದ ಹಲಗೆಯಲ್ಲಿದ್ದು, ಹೊರಡುವ ಹಿಂದಿನ ವಾರ ಬೇರೆ ಶಿಬಿರಕ್ಕೆ ಸಾಗಿಸಲ್ಪಟ್ಟ ಗೆಳೆಯನನ್ನು ಹುಡುಕಿಕೊಂಡು ಅವನು ಮಗಳೊಡನೆ ಫ್ರೀಡ್‌ಲಾಂಡಿಗೆ ಬಂದಿದ್ದಾನೆ. ಮಗಳಿಗೆ ಈಗ ಹನ್ನೊಂದು ವರ್ಷ. ಬಸ್ಸುಗಳು ಬರುತ್ತವೆ, ಗಂಟೆ ಬಾರಿಸುತ್ತದೆ, ರಟ್ಟು ಹಿಡಿದ ಹೆಂಗಸರು ಹತ್ತು ವರ್ಷ ಹಳತಾದ ಫೋಟೋಗಳನ್ನು ಮೇಲೆತ್ತುತ್ತಾರೆ. ಇವರೆಲ್ಲ ಅಲ್ಲಿ ಏನು ಮಾಡಿದ್ದರು ಅಪ್ಪಾ ಎಂದು ಅವಳು ಕೇಳಲಿ. ಅವನು ಬಸ್ಸಿನಿಂದ ಇಳಿಯುತ್ತಿರುವವರ ಕಾಲುಗಳನ್ನು ನೋಡುತ್ತ ನಿಂತಿರಲಿ.